ಪಿ.ಟಿ. ಉಷಾ: 55.42 ಸೆಕೆಂಡನ್ನು ಬಿಡಿಸಿ ನೋಡುವುದು

ಪಿ.ಟಿ. ಉಷಾ ಅಂದರೆ ಎಲ್ಲರ ಬಾಯಲ್ಲೂ ಬರುವ ಸಾಲು ಒಂದೇ: ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಒಲಿಂಪಿಕ್ ಪದಕ ತಪ್ಪಿತು. ಸಾಲು ಸರಿಯೇ: 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ, ಅಡ್ಡಗಟ್ಟೆ ದಾಟುತ್ತ ಓಡುವ 400 ಮೀಟರ್ ಹರ್ಡಲ್ಸ್‌ನ ಫೈನಲ್‌ನಲ್ಲಿ ಈ ಓಟಗಾರ್ತಿ 55.42 ಸೆಕೆಂಡಿನಲ್ಲಿ ನಾಲ್ಕನೆಯವರಾದರು. ಆದರೆ ಆ ನೂರನೇ ಒಂದು ಭಾಗವನ್ನು ಮುಕ್ತಾಯದ ಗೆರೆಯ ಹತ್ತಿರ ಮಾತ್ರ ಹುಡುಕಿದರೆ ಓಟದ ಮುಕ್ಕಾಲು ಪಾಲು ನಮ್ಮ ಕಣ್ಣು ತಪ್ಪಿಸುತ್ತದೆ. ಅದಕ್ಕೇ ಈ ಟಿಪ್ಪಣಿಯಲ್ಲಿ ಜೀವನಚರಿತ್ರೆಗಿಂತ ಆ ಓಟಕ್ಕೇ ಹೆಚ್ಚು ಜಾಗ ಕೊಟ್ಟಿದೆ.

ಪಯ್ಯೋಳಿಯಿಂದ ಕಣ್ಣೂರಿಗೆ

ಪೂರ್ಣ ಹೆಸರು ಪಿಲಾವುಳ್ಳಕಂಡಿ ತೆಕ್ಕೆಪರಂಬಿಲ್ ಉಷಾ. ಹುಟ್ಟಿದ್ದು 1964ರ ಜೂನ್ 27ರಂದು, ಕೇರಳದ ಕೋಝಿಕ್ಕೋಡ್ ಜಿಲ್ಲೆಯಲ್ಲಿ. ಬೆಳೆದ ಊರು ಕಡಲ ದಂಡೆಯ ಪಯ್ಯೋಳಿ. ‘ಪಯ್ಯೋಳಿ ಎಕ್ಸ್‌ಪ್ರೆಸ್’ ಎಂಬ ಬಿರುದಿನ ಮೂಲ ಇದೇ. 1976ರಲ್ಲಿ ಕೇರಳ ಸರ್ಕಾರ ಕಣ್ಣೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಕ್ರೀಡಾಶಾಲೆ ತೆರೆದಾಗ ಉಷಾ ಅಲ್ಲಿಗೆ ಸೇರಿದರು. ಆಗ ವಯಸ್ಸು ಹನ್ನೆರಡು. ತರಬೇತುದಾರ ಒ.ಎಂ. ನಂಬಿಯಾರ್ ವಾಯುಪಡೆಯಲ್ಲಿದ್ದವರು. ಈ ಹುಡುಗಿಯ ತೆಳು ಮೈಕಟ್ಟು ಮತ್ತು ಚುರುಕು ನಡಿಗೆ ಅವರ ಕಣ್ಣಿಗೆ ಬಿತ್ತು. ಮುಂದೆ ಅಭ್ಯಾಸ ಪಯ್ಯೋಳಿಯ ಮರಳಿನ ಮೇಲೂ ನಡೆಯಿತು. ಮರಳಿನಲ್ಲಿ ಪ್ರತಿ ಹೆಜ್ಜೆಗೂ ಪಾದ ಹೂತುಹೋಗುವುದರಿಂದ ಮೀನಖಂಡ ಮತ್ತು ಕಣಕಾಲು ಗಟ್ಟಿಯಾಗುತ್ತವೆ. ಆದರೆ ನೆಲವನ್ನು ಥಟ್ಟನೆ ಒದ್ದು ಮೇಲೇಳುವ ಗುಣ ಮರಳಿನಲ್ಲಿ ಕಲಿಯಲಾಗದು, ಅದಕ್ಕೆ ಟ್ರ್ಯಾಕೇ ಬೇಕು.

1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ, ಹದಿನಾರರ ಹರೆಯದಲ್ಲಿ, 100 ಮೀಟರ್ ಓಡಿ ಮೊದಲ ಸುತ್ತಿನ ಹೀಟ್ಸ್‌ನಲ್ಲೇ ಹೊರಬಿದ್ದರು. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ 100 ಮತ್ತು 200 ಮೀಟರ್ ಎರಡರಲ್ಲೂ ಬೆಳ್ಳಿ. 1983ರಲ್ಲಿ ಕುವೈತ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 400 ಮೀಟರ್ ಚಿನ್ನ. ಈ ಸಾಲನ್ನು ಗಮನಿಸಿ: 100ರಿಂದ 200ಕ್ಕೆ, ಅಲ್ಲಿಂದ 400ಕ್ಕೆ. ದೂರ ಹೆಚ್ಚಿದಷ್ಟೂ ಉಷಾ ಬಲವಾಗುತ್ತಿದ್ದರು. ಮಹಿಳೆಯರ 400 ಮೀಟರ್ ಹರ್ಡಲ್ಸ್ ಒಲಿಂಪಿಕ್ಸ್‌ಗೆ ಮೊದಲ ಬಾರಿ ಸೇರ್ಪಡೆಯಾದದ್ದು 1984ರ ಲಾಸ್ ಏಂಜಲಿಸ್‌ನಲ್ಲಿ. ನಂಬಿಯಾರ್ ಹೂಡಿದ ಲೆಕ್ಕ ಇಲ್ಲಿ ಕಾಣುತ್ತದೆ: ಸ್ಪರ್ಧೆ ಹೊಸದು, ಶಿಷ್ಯೆಗೆ 400 ಮೀಟರ್‌ನ ವೇಗ ಆಗಲೇ ಇದೆ, ಕಲಿಯಬೇಕಾದದ್ದು ಹರ್ಡಲ್ ದಾಟುವುದನ್ನು.

ಓಟದ ಅಳತೆ ಮತ್ತು ಹೆಜ್ಜೆಯ ಲೆಕ್ಕ

ಈ ಓಟದಲ್ಲಿ ಮಹಿಳೆಯರ ಹರ್ಡಲ್ ಎತ್ತರ 76.2 ಸೆಂ.ಮೀ. ಒಟ್ಟು ಹತ್ತು ಹರ್ಡಲ್. ಆರಂಭದ ಗೆರೆಯಿಂದ ಮೊದಲನೆಯದಕ್ಕೆ 45 ಮೀಟರ್, ಒಂದರಿಂದ ಇನ್ನೊಂದಕ್ಕೆ 35 ಮೀಟರ್, ಕೊನೆಯದರಿಂದ ಮುಕ್ತಾಯಕ್ಕೆ 40 ಮೀಟರ್. ಕೂಡಿ ನೋಡಿ: 45 + (9 × 35) + 40 = 400.

ಮಹಿಳೆಯರಿಗೆ ಈ ಎತ್ತರ ದೊಡ್ಡ ಸಮಸ್ಯೆಯಲ್ಲ. ತೊಂದರೆ ಕೊಡುವುದು ನಡುವಿನ 35 ಮೀಟರ್. ಒಳ್ಳೆಯ ಓಟಗಾರ್ತಿ ಹರ್ಡಲ್‌ಗಿಂತ ಸುಮಾರು 2 ಮೀಟರ್ ಹಿಂದಿನಿಂದ ಕಾಲೆತ್ತುತ್ತಾಳೆ, ಆಚೆ ಸುಮಾರು 1.2 ಮೀಟರ್ ದೂರದಲ್ಲಿ ಇಳಿಯುತ್ತಾಳೆ. ಅಂದರೆ ಓಡಲು ಉಳಿಯುವುದು 32 ಮೀಟರ್‌ಗೆ ಒಂದಿಷ್ಟು ಕಡಿಮೆ. ಅದನ್ನು 15 ಹೆಜ್ಜೆಯಲ್ಲಿ ಮುಗಿಸಬೇಕಾದರೆ ಪ್ರತಿ ಹೆಜ್ಜೆ 2.1 ಮೀಟರ್ ಇರಬೇಕು. 17 ಹೆಜ್ಜೆಯಾದರೆ 1.87 ಮೀಟರ್ ಸಾಕು.

16 ಏಕೆ ಬೇಡ? ಹೆಜ್ಜೆಯ ಸಂಖ್ಯೆ ಬೆಸವಾದರೆ ಪ್ರತಿ ಹರ್ಡಲ್‌ಗೂ ಒಂದೇ ಕಾಲು ಮುಂದೆ ಬರುತ್ತದೆ. ಸಮವಾದರೆ ಒಮ್ಮೆ ಎಡ, ಒಮ್ಮೆ ಬಲ. ಎರಡೂ ಕಾಲಿನಿಂದ ಸಲೀಸಾಗಿ ದಾಟಬಲ್ಲವರಿಗೆ 16 ವರದಾನ, ಒಂದೇ ಕಾಲು ಪಳಗಿದವರಿಗೆ ಪೀಕಲಾಟ. ತಿರುವಿನಲ್ಲಂತೂ ಎಡಗಾಲು ಮುಂದಿದ್ದರೆ ಅನುಕೂಲ: ಲೇನ್‌ನ ಒಳಅಂಚಿಗೆ ಅಂಟಿಕೊಂಡು ಓಡಬಹುದು, ಹಿಂದಿನಿಂದ ಬರುವ ಬಲಗಾಲು ಹರ್ಡಲ್‌ನ ಒಳಬದಿಯಿಂದ ಹೊರಗೆ ಜಾರಿ ಅನರ್ಹಗೊಳ್ಳುವ ಭಯ ಇರುವುದಿಲ್ಲ.

ಎಡವಟ್ಟು ಸಾಮಾನ್ಯವಾಗಿ ಆರನೇ ಹರ್ಡಲ್‌ನಿಂದ ಆಚೆಗೆ. ದಣಿವಿನಿಂದ ಹೆಜ್ಜೆ ಗಿಡ್ಡವಾಗುತ್ತದೆ. 15ರ ಲಯ ಕೈಕೊಡುತ್ತದೆ, 17ಕ್ಕೆ ಬದಲಾಯಿಸಬೇಕು. ಬದಲಾವಣೆಯನ್ನು ಮೊದಲೇ ನಿಶ್ಚಯಿಸಿಕೊಂಡವರು ಹರ್ಡಲ್ ಇಳಿದ ಕೂಡಲೇ ಹೆಜ್ಜೆ ಚುರುಕು ಮಾಡುತ್ತಾರೆ. ನಿಶ್ಚಯಿಸದವರು ಹರ್ಡಲ್ ಮುಂದೆ ಬಂದು ತಡವರಿಸಿ, ಎರಡು ಮೂರು ಪುಟ್ಟ ಹೆಜ್ಜೆ ಇಟ್ಟು, ವೇಗ ಕಳೆದುಕೊಂಡು ಮೇಲಕ್ಕೆ ನೆಗೆಯುತ್ತಾರೆ. ಕಾಲು ತಾಗಿ ಹರ್ಡಲ್ ಬಿದ್ದರೆ ಓಟವೇನೂ ರದ್ದಾಗದು, ಬೇಕೆಂದೇ ಬೀಳಿಸಬಾರದು ಅಷ್ಟೇ. ಆದರೆ ತಾಗಿದ ಪ್ರತಿ ಸಲವೂ ಸಮಯ ಸೋರುತ್ತದೆ.

ಹರ್ಡಲ್ ಕಲೆ ಎಷ್ಟು ಪಳಗಿದೆ ಎಂದು ಅಳೆಯಲು ತರಬೇತುದಾರರು ಬಳಸುವ ಸುಲಭ ಲೆಕ್ಕ ಒಂದಿದೆ. 400 ಮೀಟರ್ ಹರ್ಡಲ್ಸ್‌ನ ಅತ್ಯುತ್ತಮ ಸಮಯದಿಂದ ಬರೀ 400 ಮೀಟರ್‌ನ ಅತ್ಯುತ್ತಮ ಸಮಯ ಕಳೆಯಿರಿ. ಉಷಾ ಅವರದು 55.42 ಮತ್ತು 51.61 (ಎರಡನೆಯದು 1985ರಲ್ಲಿ ಕ್ಯಾನ್‌ಬೆರಾದಲ್ಲಿ). ವ್ಯತ್ಯಾಸ 3.81 ಸೆಕೆಂಡು, ಒಂದೊಂದು ಹರ್ಡಲ್‌ಗೆ 0.38. ಈಗಿನ ವಿಶ್ವದಾಖಲೆಯ ಒಡತಿ ಅಮೆರಿಕದ ಸಿಡ್ನಿ ಮೆಕ್‌ಲಾಫ್ಲಿನ್ ಲೆವ್ರೋನ್ ಅವರದು 50.37 ಮತ್ತು 47.78, ವ್ಯತ್ಯಾಸ 2.59. ಉಷಾ ಅಷ್ಟು ಮುಂದೆ ಹೋದದ್ದು ಹೆಚ್ಚಾಗಿ ಕಾಲಿನ ವೇಗದಿಂದ. ಹರ್ಡಲ್ ದಾಟುವ ಕಲೆ ಇನ್ನೂ ಮಾಗಬೇಕಿತ್ತು. ನೂರನೇ ಒಂದು ಭಾಗದ ಬಗ್ಗೆ ಮಾತಾಡುವಾಗ ಈ 0.38ನ್ನು ಯಾರೂ ನೆನೆಯುವುದಿಲ್ಲ. ಹತ್ತು ಹರ್ಡಲ್‌ನಲ್ಲಿ ಯಾವುದಾದರೂ ಒಂದನ್ನು ಕೂದಲೆಳೆಯಷ್ಟು ಚೊಕ್ಕವಾಗಿ ದಾಟಿದ್ದರೂ ಸಾಕಿತ್ತು.

1984ರ ಆಗಸ್ಟ್ 8

ಸೆಮಿಫೈನಲ್‌ನಲ್ಲಿ ಉಷಾ 55.54ರಲ್ಲಿ ಮೊದಲಿಗರಾದರು. ಹಿಂದೆ ಬಿದ್ದವರಲ್ಲಿ ಅಮೆರಿಕದ ಜೂಡಿ ಬ್ರೌನ್ ಒಬ್ಬರು. ಫೈನಲ್‌ನಲ್ಲಿ ಪದಕ ಖಚಿತ ಎಂಬ ಆಸೆ ಹುಟ್ಟಿದ್ದು ಇದರಿಂದಲೇ.

ಫೈನಲ್‌ನಲ್ಲಿ ಮೊದಲ ಸಲ ಗುಂಡು ಹಾರಿದಾಗ ಉಷಾ ಚೆನ್ನಾಗಿಯೇ ಹೊರಟಿದ್ದರು. ಆದರೆ ಆಸ್ಟ್ರೇಲಿಯಾದ ಓಟಗಾರ್ತಿಯದು ಫಾಲ್ಸ್ ಸ್ಟಾರ್ಟ್ (ಗುಂಡಿಗೆ ಮುಂಚೆಯೇ ಹೊರಟದ್ದು), ಎಲ್ಲರನ್ನೂ ವಾಪಸ್ ಕರೆದರು. ಆಗಿನ ನಿಯಮದಂತೆ ಮೊದಲ ತಪ್ಪಿಗೆ ಎಚ್ಚರಿಕೆ ಮಾತ್ರ, ಅದೇ ವ್ಯಕ್ತಿ ಎರಡನೇ ಸಲ ಮಾಡಿದರೆ ಹೊರಕ್ಕೆ. (ಮೊದಲ ತಪ್ಪಿಗೇ ಹೊರಹಾಕುವ ನಿಯಮ ಬಂದದ್ದು 2010ರಲ್ಲಿ.) ಎರಡನೇ ಸಲ ಉಷಾ ಹೊರಟದ್ದು ಮೊದಲಿನಷ್ಟು ಚುರುಕಾಗಿರಲಿಲ್ಲ. ಬರೀ 400 ಮೀಟರ್‌ನಲ್ಲಾದರೆ ಆರಂಭದ ನಷ್ಟವನ್ನು ನಿಧಾನವಾಗಿ ತುಂಬಿಕೊಳ್ಳಬಹುದು. ಹರ್ಡಲ್ಸ್‌ನಲ್ಲಿ ಹಾಗಲ್ಲ: ಮೊದಲ 45 ಮೀಟರ್‌ಗೂ ಹೆಜ್ಜೆ ಎಣಿಸಿಟ್ಟಿರುತ್ತದೆ, ಹೊರಡುವುದು ಮಂಕಾದರೆ ಆ ಎಣಿಕೆಯನ್ನು ಹೊಂದಿಸಲು ಹೆಜ್ಜೆ ಎಳೆಯಬೇಕಾಗುತ್ತದೆ.

ಫಲಿತಾಂಶದ ಮೊದಲ ಐದು ಸಾಲು ಹೀಗಿದೆ:

1. ನವಾಲ್ ಎಲ್ ಮೌತವಾಕೆಲ್, ಮೊರಾಕೊ: 54.61
2. ಜೂಡಿ ಬ್ರೌನ್, ಅಮೆರಿಕ: 55.20
3. ಕ್ರಿಸ್ಟಿಯಾನಾ ಕೊಜೊಕಾರು, ರೊಮೇನಿಯಾ: 55.41
4. ಪಿ.ಟಿ. ಉಷಾ, ಭಾರತ: 55.42
5. ಆನ್ ಲೂಯಿಸ್ ಸ್ಕೋಗ್ಲುಂಡ್, ಸ್ವೀಡನ್: 55.43

ಐದನೆಯ ಸಾಲನ್ನು ನಮ್ಮಲ್ಲಿ ಯಾರೂ ಓದುವುದಿಲ್ಲ. ಉಷಾಗೆ ಮೂರನೇ ಸ್ಥಾನ ಎಷ್ಟು ಹತ್ತಿರವಿತ್ತೋ ಐದನೇ ಸ್ಥಾನವೂ ಅಷ್ಟೇ ಹತ್ತಿರವಿತ್ತು.

ಈಗ ಗೆರೆಯ ಹತ್ತಿರ ಬನ್ನಿ. 400 ಮೀಟರನ್ನು 55.42ರಿಂದ ಭಾಗಿಸಿದರೆ ಸೆಕೆಂಡಿಗೆ ಸರಾಸರಿ 7.2 ಮೀಟರ್. ನೂರನೇ ಒಂದು ಭಾಗಕ್ಕೆ 7.2 ಸೆಂ.ಮೀ. ಕೊನೆಯಲ್ಲಿ ಎಲ್ಲರ ವೇಗವೂ ಇಳಿದಿರುತ್ತದೆ, ಹಾಗಾಗಿ ಅಂತರ ಇನ್ನೂ ಕಿರಿದು: ನಾಲ್ಕು ಬೆರಳಿನ ಅಗಲ ಎನ್ನಿ. ಅಳೆಯುವುದು ತಲೆಯನ್ನಲ್ಲ, ಕೈಯನ್ನಲ್ಲ, ಪಾದವನ್ನೂ ಅಲ್ಲ. ಮುಂಡದ ಯಾವುದಾದರೂ ಭಾಗ ಗೆರೆಯ ಈಚೆಯ ಅಂಚನ್ನು ಮುಟ್ಟಿದ ಗಳಿಗೆಯೇ ಲೆಕ್ಕ. ಫೋಟೊ ಫಿನಿಶ್ ಚಿತ್ರದಲ್ಲಿ ಎದೆಯ ಅಂಚಿಗೆ ಗೆರೆ ಎಳೆದು ಸಮಯ ಓದುತ್ತಾರೆ. ಅದಕ್ಕೇ ಕೊನೆಯ ಹೆಜ್ಜೆಯಲ್ಲಿ ಎದೆ ಮುಂದೆ ಚಾಚಿ ಬಾಗುವುದು. ಬೇಗ ಬಾಗಿದರೆ ಹೆಜ್ಜೆ ಗಿಡ್ಡವಾಗಿ ವೇಗ ತಗ್ಗುತ್ತದೆ, ತಡವಾದರೆ ಗೆರೆ ದಾಟಿ ಆಗಿರುತ್ತದೆ. ನೆಗೆದರಂತೂ ಪೂರಾ ನಷ್ಟ, ಗಾಳಿಯಲ್ಲಿರುವಾಗ ನೆಲವನ್ನು ಒದೆಯಲು ಆಗುವುದಿಲ್ಲ.

ಕೊನೆಯ 35 ಮೀಟರ್‌ನಲ್ಲಿ ಶಕ್ತಿ ಉಳಿಯಲಿಲ್ಲ, ಕ್ರೀಡಾಗ್ರಾಮದಲ್ಲಿ ಅಲ್ಲಿನ ಊಟ ಒಗ್ಗದೆ ಗಂಜಿ ಉಪ್ಪಿನಕಾಯಿಯಲ್ಲೇ ದಿನ ತಳ್ಳಬೇಕಾಯಿತು ಎಂದು ಉಷಾ ಮುಂದೆ ಸಂದರ್ಶನಗಳಲ್ಲಿ ಹೇಳಿದ್ದಾರೆ. ಹೀಟ್ಸ್, ಸೆಮಿಫೈನಲ್, ಫೈನಲ್ ಬೆನ್ನುಬೆನ್ನಿಗೆ ಓಡುವವರಿಗೆ ಅನ್ನದ ಜೊತೆ ಪ್ರೋಟೀನೂ ಬೇಕು, ಸ್ನಾಯು ಚೇತರಿಸಿಕೊಳ್ಳುವುದು ಅದರಿಂದ. ಇದು ನೆಪವಲ್ಲ, ಸಿದ್ಧತೆಯಲ್ಲಿ ಉಳಿದಿದ್ದ ನಿಜವಾದ ಕೊರತೆ.

ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಆ ಸಲ ಸೋವಿಯತ್ ಒಕ್ಕೂಟ, ಪೂರ್ವ ಜರ್ಮನಿ ಮೊದಲಾದ ದೇಶಗಳು ಒಲಿಂಪಿಕ್ಸ್ ಬಹಿಷ್ಕರಿಸಿದ್ದವು. ಆಗಿನ ವಿಶ್ವದಾಖಲೆ 53.58, ಸೋವಿಯತ್‌ನ ಮಾರ್ಗರೀಟಾ ಪೊನೊಮರ್ಯೋವಾ ಅವರದು. ಅವರು ಲಾಸ್ ಏಂಜಲಿಸ್‌ಗೆ ಬರಲೇ ಇಲ್ಲ. ಇದರಿಂದ 55.42ರ ಬೆಲೆ ಕುಂದುವುದಿಲ್ಲ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಹೀಟ್ಸ್‌ನಲ್ಲಿ ತಮಿಳುನಾಡಿನ ವಿದ್ಯಾ ರಾಮರಾಜ್ ಸರಿಯಾಗಿ 55.42 ಓಡಿ ಸರಿಗಟ್ಟುವವರೆಗೆ, 39 ವರ್ಷ, ಈ ರಾಷ್ಟ್ರೀಯ ದಾಖಲೆಯನ್ನು ಮುಟ್ಟಿದವರಿರಲಿಲ್ಲ.

ಜಕಾರ್ತ, ಸೋಲ್, ಮತ್ತೆ ಮರಳಿದ್ದು

1985ರ ಜಕಾರ್ತ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 100, 200, 400, 400 ಮೀಟರ್ ಹರ್ಡಲ್ಸ್ ಮತ್ತು 4×400 ರಿಲೇ, ಐದೂ ಚಿನ್ನ. 4×100 ರಿಲೇಯಲ್ಲಿ ಕಂಚು. ನನ್ನ ಮಟ್ಟಿಗೆ ಉಷಾ ಅವರ ಶಿಖರ ಇದು, ಲಾಸ್ ಏಂಜಲಿಸ್ ಅಲ್ಲ. 100 ಮತ್ತು 400 ಎರಡಕ್ಕೂ ಬೇಕಾದ ತಯಾರಿ ಬೇರೆಬೇರೆ. ಒಂದೇ ಕೂಟದಲ್ಲಿ ಎರಡನ್ನೂ ಗೆಲ್ಲುವವರು ತೀರಾ ವಿರಳ. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ 200 (23.44), 400 (52.16), 400 ಹರ್ಡಲ್ಸ್ (56.08) ಮತ್ತು 4×400 ರಿಲೇ ಚಿನ್ನ. 100 ಮೀಟರ್‌ನಲ್ಲಿ ಫಿಲಿಪ್ಪೀನ್ಸ್‌ನ ಲಿಡಿಯಾ ಡಿ ವೇಗಾ ಮುಂದೆ ಬೆಳ್ಳಿ. ಆ ಕೂಟದಲ್ಲಿ ಇಡೀ ಭಾರತಕ್ಕೆ ಬಂದದ್ದು ಐದು ಚಿನ್ನ. ಉಷಾ ಪಾಲಿಲ್ಲದ ಒಂದೇ ಒಂದು ಚಿನ್ನ ಕುಸ್ತಿಯಲ್ಲಿ ಕರ್ತಾರ್ ಸಿಂಗ್ ಗೆದ್ದದ್ದು.

1988ರ ಸೋಲ್ ಒಲಿಂಪಿಕ್ಸ್ ಹೊತ್ತಿಗೆ ಹಿಮ್ಮಡಿಯ ಗಾಯ ಕಾಡುತ್ತಿತ್ತು, ಹೀಟ್ಸ್‌ನಲ್ಲೇ ಆಟ ಮುಗಿಯಿತು. ಕೊಡಗಿನ ಅಶ್ವಿನಿ ನಾಚಪ್ಪ ದೇಶದೊಳಗೆ ಉಷಾರನ್ನು ಹಿಂದಿಕ್ಕಿ ಹೆಸರಾದದ್ದು ಈ ಕಾಲಘಟ್ಟದಲ್ಲಿ. 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ಮೂರು ಬೆಳ್ಳಿ ಗೆದ್ದು ಉಷಾ ನಿವೃತ್ತರಾದರು, ಮದುವೆಯ ಬಳಿಕ ಮತ್ತೆ ಟ್ರ್ಯಾಕಿಗೆ ಬಂದರು. 1998ರ ಫುಕುವೋಕ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ, 34ರ ವಯಸ್ಸಿನಲ್ಲಿ, 200 ಮತ್ತು 400ರಲ್ಲಿ ಕಂಚು. 2000ದಲ್ಲಿ ಪೂರ್ಣವಿರಾಮ. 2002ರಲ್ಲಿ ಶುರುವಾದ ಅವರ ಉಷಾ ಸ್ಕೂಲ್ ಆಫ್ ಅಥ್ಲೆಟಿಕ್ಸ್‌ನಿಂದ ಬಂದವರು 800 ಮೀಟರ್ ಓಟಗಾರ್ತಿ ಟಿಂಟು ಲೂಕಾ. 2022ರಲ್ಲಿ ಉಷಾ ರಾಜ್ಯಸಭೆಗೆ ನಾಮಕರಣಗೊಂಡರು, ಅದೇ ಡಿಸೆಂಬರ್‌ನಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯ ಮೊದಲ ಮಹಿಳಾ ಅಧ್ಯಕ್ಷೆಯಾದರು.

ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಎಡವುವ ಜಾಗ

ಜಕಾರ್ತದ್ದು ಏಷ್ಯನ್ ಚಾಂಪಿಯನ್‌ಷಿಪ್, ಏಷ್ಯನ್ ಗೇಮ್ಸ್ ಅಲ್ಲ. ಇವೆರಡು ಬೇರೆ ಕೂಟ. ಐದು ಚಿನ್ನ ಅಲ್ಲಿಯದು, ಸೋಲ್‌ನದು ನಾಲ್ಕು. ಸೋಲ್ ಎಂದಾಗ ಇಸವಿ ಬರೆಯಲೇಬೇಕು: 1986 ಏಷ್ಯನ್ ಗೇಮ್ಸ್, 1988 ಒಲಿಂಪಿಕ್ಸ್. 1984ರಲ್ಲಿ ಪದಕ ತಪ್ಪಿದ್ದು 400 ಮೀಟರ್ ಹರ್ಡಲ್ಸ್‌ನಲ್ಲಿ, ಬರೀ 400 ಮೀಟರ್‌ನಲ್ಲಲ್ಲ. ಅದೇ ಲಾಸ್ ಏಂಜಲಿಸ್‌ನಲ್ಲಿ ಎಂ.ಡಿ. ವಲ್ಸಮ್ಮ, ವಂದನಾ ರಾವ್, ಶೈನಿ ಅಬ್ರಹಾಂ ಜೊತೆ 4×400 ರಿಲೇಯ ಫೈನಲ್ ಓಡಿ ಏಳನೆಯವರಾದದ್ದನ್ನು ಬಹಳ ಮಂದಿ ಬಿಟ್ಟೇಬಿಡುತ್ತಾರೆ. ಮಿಲ್ಖಾ ಸಿಂಗ್ ಅವರ ನಾಲ್ಕನೇ ಸ್ಥಾನದ ಜೊತೆ ಹೋಲಿಸಿ ಬರೆಯಿರಿ ಎಂದು ಕೇಳಿದರೆ, ಅವರದು 1960ರ ರೋಮ್, 400 ಮೀಟರ್. ಅಲ್ಲಿ ಅಧಿಕೃತ ಸಮಯ ಕೈಯಿಂದ ಒತ್ತುವ ಸ್ಟಾಪ್‌ವಾಚಿನದು, ಮೂರನೆಯವರದು 45.5, ಮಿಲ್ಖಾ ಅವರದು 45.6, ಅಂತರ ಹತ್ತನೇ ಒಂದು ಭಾಗ. ಆ ಎರಡು ಅಂತರಗಳನ್ನು ಒಂದೇ ಎಂದು ಬರೆದರೆ ಅಂಕ ಹೋಗುತ್ತದೆ.