ಮರದ ಚಮಚಕ್ಕೆ ಕೊನೆಯ ನುಣುಪು ಚಾಕುವಿನದೇ

ಅಂಗಡಿಯಿಂದ ತಂದ ಮರದ ಚಮಚ ಮೊದಲ ದಿನ ರೇಷ್ಮೆ ಹಾಗಿರುತ್ತದೆ. ಒಂದು ಸಲ ಬಿಸಿ ಸಾರಿನಲ್ಲಿ ಆಡಿಸಿ, ತೊಳೆದು, ಒಣಗಿಸಿ. ಆಮೇಲೆ ಬೆರಳಿನಿಂದ ಸವರಿ ನೋಡಿ. ಎರಡು ದಿನ ಶೇವ್ ಮಾಡದ ಗಲ್ಲದ ಹಾಗೆ ತರಿತರಿ. ತುಟಿಗೆ ತಾಗಿದರೆ ಇನ್ನೂ ಜಾಸ್ತಿ ಗೊತ್ತಾಗುತ್ತದೆ. "ಮರ ಅಂದಮೇಲೆ ಹಾಗೇ ಅಲ್ವಾ" ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಖಂಡಿತ ಹಾಗಲ್ಲ. ಆ ತರಿ ಸ್ಯಾಂಡ್‌ಪೇಪರ್ ಬಿಟ್ಟುಹೋದ ಗುರುತು.

ನನ್ನ ಹತ್ತಿರ ಎರಡು ಚಮಚಗಳಿವೆ. ಎರಡೂ ಒಂದೇ ಬರ್ಚ್ ದಿಮ್ಮಿಯಿಂದ ಸೀಳಿದ ಅಕ್ಕಪಕ್ಕದ ತುಂಡುಗಳು. ಬರ್ಚ್ ಅಂದರೆ ನಮ್ಮ ಹಳೇ ಭೂರ್ಜಪತ್ರದ ಮರದ ಹತ್ತಿರದ ಬಂಧು. ಒಂದು ಚಮಚವನ್ನು 80ನೇ ನಂಬರಿನ ಸ್ಯಾಂಡ್‌ಪೇಪರಿನಿಂದ ಶುರುಮಾಡಿ 400ರವರೆಗೆ ಉಜ್ಜಿದೆ. ನಂಬರ್ ಹೆಚ್ಚಿದಷ್ಟೂ ಕಾಗದ ನಯ. ಇನ್ನೊಂದನ್ನು ಕೊನೆಯವರೆಗೂ ಚಾಕುವಿನಲ್ಲೇ ಹೆರೆದೆ. ಒಣಗಿದ್ದಾಗ ಉಜ್ಜಿದ್ದೇ ಹೆಚ್ಚು ನುಣುಪು ಅನ್ನಿಸಿತು. ಎರಡನ್ನೂ ಬಿಸಿನೀರಲ್ಲಿ ಹತ್ತು ನಿಮಿಷ ಮುಳುಗಿಸಿ, ರಾತ್ರಿ ಒಣಗಲು ಬಿಟ್ಟೆ. ಬೆಳಿಗ್ಗೆ ಉಜ್ಜಿದ್ದರ ಮೈಮೇಲೆ ಸಣ್ಣ ರೋಮ ಎದ್ದಿತ್ತು. ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದರೆ ಕಣ್ಣಿಗೇ ಕಾಣುತ್ತಿತ್ತು. ಹೆರೆದದ್ದು ಹಿಂದಿನ ದಿನ ಹೇಗಿತ್ತೋ ಹಾಗೇ ಇತ್ತು.

ಯಾಕೆ ಹೀಗೆ? ಮರ ಎಂದರೆ ಕೊಳವೆಗಳ ಕಟ್ಟು. ಬರ್ಚ್ ಮರದ ಒಂದು ನಾರು ಸುಮಾರು 1 ಮಿಲಿಮೀಟರ್ ಉದ್ದ, ಸುಮಾರು 20 ಮೈಕ್ರಾನ್ ದಪ್ಪ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಈಗ ಸ್ಯಾಂಡ್‌ಪೇಪರಿನ ಹರಳು ನೋಡಿ. 240ನೇ ನಂಬರಿನ ಕಾಗದದಲ್ಲಿ ಅದು ಸರಾಸರಿ 58 ಮೈಕ್ರಾನ್. 400ರಲ್ಲಿ 35. ನಾವು "ನಯವಾದದ್ದು" ಎಂದುಕೊಂಡ ಕಾಗದದ ಹರಳೂ ನಾರಿಗಿಂತ ದಪ್ಪ! ಈ ಲೆಕ್ಕ ಮೊದಲ ಸಲ ಹಾಕಿದ ದಿನ ನನಗೆ ತುಂಬಾ ಹೊತ್ತು ಬೇರೇನೂ ತೋಚಲಿಲ್ಲ. ಅದರ ಮೇಲೆ ಆ ಹರಳಿನ ಮುಖ ಮುಂದಕ್ಕೆ ಬಾಗಿರುತ್ತದೆ. ಹಾಗಾಗಿ ಅದು ಕೊಯ್ಯುವುದಕ್ಕಿಂತ ಜಾಸ್ತಿ ತಳ್ಳುತ್ತದೆ. ಕಬ್ಬಿನ ಗದ್ದೆಗೆ ಟ್ರ್ಯಾಕ್ಟರ್ ನುಗ್ಗಿಸಿದ ಹಾಗೆ. ಕೆಲವು ಜಲ್ಲೆ ಮುರಿಯುತ್ತವೆ, ಕೆಲವು ಸಿಗಿಯುತ್ತವೆ, ಕೆಲವು ನೆಲಕ್ಕೆ ಒರಗುತ್ತವೆ. ಮಚ್ಚಿನಲ್ಲಿ ಬುಡಕ್ಕೆ ಕಡಿದ ಕೂಳೆ ಹೇಗಿರುತ್ತದೆ? ಒಂದೊಂದರ ತಲೆಯೂ ಚೊಕ್ಕ. ಚಾಕು ಬಿಡುವುದು ಅಂಥ ಕೂಳೆಯನ್ನು.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಬೇವಿನ ಕಡ್ಡಿ. ಹಲ್ಲಿನಲ್ಲಿ ಜಗಿದರೆ ತುದಿ ಬ್ರಷ್ ಆಗುತ್ತದೆ. ಅದೇ ಕಡ್ಡಿಯನ್ನು ಚಾಕುವಿನಲ್ಲಿ ಕತ್ತರಿಸಿ ನೀರಲ್ಲಿಟ್ಟರೆ ದಿನವಿಡೀ ಬ್ರಷ್ ಆಗುವುದಿಲ್ಲ. ಸ್ಯಾಂಡ್‌ಪೇಪರ್ ಮರವನ್ನು ಜಗಿಯುತ್ತದೆ.

ಹಾಗಾದರೆ ಒಣಗಿದ್ದಾಗ ನುಣುಪು ಅನ್ನಿಸುವುದು ಏಕೆ? ಒರಗಿದ ನಾರುಗಳ ನಡುವೆ ಉಜ್ಜಿದ ಧೂಳೇ ತುಂಬಿಕೊಳ್ಳುತ್ತದೆ. ಗುಂಡಿ ಬಿದ್ದ ರಸ್ತೆಗೆ ಮಣ್ಣು ಸುರಿದ ಹಾಗೆ, ಮೊದಲ ಮಳೆವರೆಗೆ ಚೆನ್ನಾಗಿರುತ್ತದೆ. ನೀರು ಬಿದ್ದಾಗ ಇನ್ನೊಂದು ಸಂಗತಿಯೂ ನಡೆಯುತ್ತದೆ. ಚಪ್ಪಟೆಯಾದ ನಾರು ಅವಲಕ್ಕಿ ಇದ್ದ ಹಾಗೆ, ನೆನೆದರೆ ಉಬ್ಬುತ್ತದೆ. ನಾರಿನ ಗೋಡೆ ಹೆಚ್ಚಾಗಿ ಸೆಲ್ಯುಲೋಸ್. ಅದರ ಎಳೆಗಳನ್ನು ಹೈಡ್ರೋಜನ್ ಬಂಧಗಳು ಹಿಡಿದಿಟ್ಟಿರುತ್ತವೆ. ನೀರಿನ ಅಣುಗಳು ನಡುವೆ ನುಸುಳಿ ಆ ಹಿಡಿತ ಸಡಿಲಿಸುತ್ತವೆ. ಆಗ ಬಲವಂತವಾಗಿ ಮಲಗಿಸಿದ ನಾರು ಎದ್ದು ಕೂರುತ್ತದೆ. ಹತ್ತಿ ಬಟ್ಟೆಯೂ ಸೆಲ್ಯುಲೋಸೇ. ಇಸ್ತ್ರಿ ಮಾಡಿದ ಅಂಗಿಗೆ ನೀರು ಚಿಮುಕಿದರೆ ಇಸ್ತ್ರಿ ಹಾಳಾಗುವುದೂ ಇದೇ ಕಾರಣಕ್ಕೆ.

ಒದ್ದೆ ಮಾಡಿ, ಒಣಗಿಸಿ, ಎದ್ದದ್ದನ್ನು ಉಜ್ಜಿ, ಹೀಗೆ ಮೂರ್ನಾಲ್ಕು ಸಲ ಮಾಡಿದರೆ ಸ್ಯಾಂಡ್‌ಪೇಪರಿನಲ್ಲೂ ತರಿ ತುಂಬಾ ಕಡಿಮೆಯಾಗುತ್ತದೆ, ನಿಜ. ಆದರೆ ಕೊಳವೆ ಚೊಕ್ಕವಾಗಿ ಕತ್ತರಿಸಿದಾಗ ಬರುವ ಹೊಳಪು ಬರುವುದಿಲ್ಲ. ಗೀರುಗಳು ಬೆಳಕನ್ನು ಹತ್ತು ದಿಕ್ಕಿಗೆ ಚೆದುರಿಸುತ್ತವೆ. ಚಾಕು ಹೆರೆದ ಪಟ್ಟಿಗಳು ಬೆಳಕನ್ನು ಒಂದೇ ಕಡೆ ತಿರುಗಿಸುತ್ತವೆ. ಚಮಚ ಹೊರಳಿಸಿದರೆ ಒಂದೊಂದು ಪಟ್ಟಿಯೂ ಸರದಿಯಲ್ಲಿ ಮಿನುಗುತ್ತದೆ.

ಮನುಷ್ಯ ಸಾವಿರಾರು ವರ್ಷ ಸ್ಯಾಂಡ್‌ಪೇಪರ್ ಇಲ್ಲದೇ ಚಮಚ ಮಾಡಿದ್ದಾನೆ. ಅಮೆರಿಕದ ಐಸಾಕ್ ಫಿಶರ್ ಅದಕ್ಕೆ ಪೇಟೆಂಟ್ ಪಡೆದದ್ದು 1834ರಲ್ಲಿ. ಅದಕ್ಕೂ ಮುಂಚೆ ಯುರೋಪಿನಲ್ಲಿ ಸಿಲಿಕಾ ತುಂಬಿದ ಹಾರ್ಸ್‌ಟೇಲ್ ಗಿಡದ ಕಡ್ಡಿಯಲ್ಲಿ ಉಜ್ಜುತ್ತಿದ್ದರು. ಚನ್ನಪಟ್ಟಣದಲ್ಲಿ ಇವತ್ತಿಗೂ ಬೊಂಬೆಯ ಅರಗಿಗೆ ಕೇದಗೆ ಎಲೆಯಲ್ಲಿ ಹೊಳಪು ಕೊಡುತ್ತಾರೆ. ಚಮಚವನ್ನು ಚಾಕುವಿನಲ್ಲೇ ಮುಗಿಸುವ ರೂಢಿಯನ್ನು ಗಟ್ಟಿಯಾಗಿ ಉಳಿಸಿಕೊಂಡದ್ದು ಸ್ವೀಡನ್. ಉತ್ತರದ ವೆಸ್ಟರ್‌ಬಾಟನ್ ಸೀಮೆಯ ವಿಲ್ಲೆ ಸುಂಡ್‌ಕ್ವಿಸ್ಟ್ 1970ರ ದಶಕದ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಇದನ್ನು ಕಲಿಸಿದರು. ಇವತ್ತು ಜಗತ್ತಿನ ಎಷ್ಟೋ ಕೆತ್ತನೆಗಾರರ ಕೈಯಲ್ಲಿರುವ ಹಿಡಿತಗಳು ಅವರಿಂದ, ಅವರ ಮಗ ಯೊಗ್ಗೆಯಿಂದ ಬಂದವು. ಕೈಯಲ್ಲಿರುವ ಚಾಕುವೂ ಎಷ್ಟೋ ಸಲ ಅದೇ ದೇಶದ ಮೋರಾ ಊರಿನದು. ಅಲ್ಲಿ ಈಗಿನ ಚಾಕು ಕಂಪನಿಯ ಬೇರು 1891ರಷ್ಟು ಹಿಂದಿನದು.

ಈಗ ಕೈಕೆಲಸಕ್ಕೆ ಬರೋಣ. ಚೆನ್ನಾಗಿ ಮಸೆದು, ಚರ್ಮದ ಪಟ್ಟಿಗೆ ಎಳೆದ ಚಾಕುವಿನ ಅಂಚು 1 ಮೈಕ್ರಾನಿಗಿಂತ ತೆಳುವಾಗಿರುತ್ತದೆ. 20 ಮೈಕ್ರಾನಿನ ನಾರಿಗೆ ಅದು ಸಾಕಷ್ಟಾಯಿತು. ಮೊಂಡು ಚಾಕುವಾದರೆ ಮತ್ತೆ ಅದೇ ಟ್ರ್ಯಾಕ್ಟರ್. ಮೊಂಡಾದದ್ದೇ ಸುರಕ್ಷಿತ ಎಂಬ ಮಾತು ಬಿಟ್ಟುಬಿಡಿ. ಮೊಂಡಾದದ್ದಕ್ಕೆ ಬಲ ಹಾಕಬೇಕು, ಬಲ ಹಾಕಿದ್ದು ಜಾರುತ್ತದೆ.

ಅಂಚನ್ನು ನೇರ ತಳ್ಳಬಾರದು, ಓರೆಯಾಗಿ ಹಿಡಿದು ಜಾರಿಸಬೇಕು. ಯಾಕೆ ಅಂದರೆ ಆಗುಂಬೆ ಘಾಟಿ ನೆನಪಿಸಿಕೊಳ್ಳಿ. ಗುಡ್ಡದ ಇಳಿಜಾರು ಬದಲಾಗಿಲ್ಲ, ಆದರೂ ರಸ್ತೆ ಓರೆಯಾಗಿ ಸುತ್ತಿದ್ದರಿಂದ ಬಸ್ಸಿಗೆ ಏರು ಕಡಿಮೆ. 25 ಡಿಗ್ರಿ ಅಂಚನ್ನು 60 ಡಿಗ್ರಿ ಓರೆ ಹಿಡಿದರೆ ನಾರಿಗೆ ಅದು 13 ಡಿಗ್ರಿಯ ಅಂಚಾಗಿ ಎದುರಾಗುತ್ತದೆ. ಮಸೆಯದೇ ಚಾಕು ತೆಳುವಾದ ಹಾಗೆ!

ದಿಕ್ಕೂ ಮುಖ್ಯ. ನಾರಿನ ಜೊತೆ ಹೋದರೆ ಬೆಕ್ಕಿನ ಬೆನ್ನು ಸವರಿದ ಹಾಗೆ, ಎದುರು ಹೋದರೆ ಸಿಬಿರು ಏಳುತ್ತದೆ. ಚಮಚದ ಬಟ್ಟಲಿನಲ್ಲಿ ದಿಕ್ಕು ನಡುವೆಯೇ ತಿರುಗುತ್ತದೆ. ಅದಕ್ಕೇ ಬಾಗಿದ ಚಾಕುವನ್ನು ತುದಿಯ ಅಂಚಿನಿಂದ ತಳಕ್ಕೆ, ಹಿಡಿಯ ಕಡೆಯಿಂದ ಮತ್ತೆ ತಳಕ್ಕೆ ತರಬೇಕು. ಎರಡು ಹೆರೆತಗಳು ಸೇರುವ ಆ ತಳದಲ್ಲಿ ಕೈ ತಾನಾಗಿ ನಿಧಾನವಾಗುತ್ತದೆ. ಅಲ್ಲಿ ಹೆರೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಬರಬೇಕು. ಸದ್ದೂ ಬದಲಾಗುತ್ತದೆ. ಕರಕರ ಹೋಗಿ ಕಾಗದ ಸೀಳಿದಂಥ ಸಣ್ಣ ಸುಯ್ ಕೇಳುತ್ತದೆ.

ಈ ಕೊನೆಯ ಹೆರೆತ ಹಸಿ ಮರದ ಮೇಲೆ ಮಾಡಿ ಪ್ರಯೋಜನವಿಲ್ಲ. ಒರಟು ಕೆಲಸಕ್ಕೆ ಹಸಿಯೇ ಸುಲಭ, ಮೆತ್ತಗಿರುತ್ತದೆ. ಆದರೆ ತೇವ ಶೇಕಡಾ 30ಕ್ಕಿಂತ ಕೆಳಗಿಳಿದ ಮೇಲೆ ಮರ ಕುಗ್ಗಲು ಶುರುವಾಗುತ್ತದೆ. ಅದೂ ವರ್ಷದ ಉಂಗುರಗಳ ಗುಂಟ ಜಾಸ್ತಿ, ಅಡ್ಡಕ್ಕೆ ಕಡಿಮೆ. ನುಣುಪಾಗಿದ್ದದ್ದು ಸುಕ್ಕಾಗುತ್ತದೆ. ಒಣಗಿದ ನಾರು ಗಟ್ಟಿಯಾಗಿ ನಿಂತು ಕೊಯ್ಸಿಕೊಳ್ಳುತ್ತದೆ, ಹಸಿಯದು ಬಳುಕುತ್ತದೆ. ಕೊನೆಗೆ ಅಗಸೆ ಎಣ್ಣೆ ಸವರಬಹುದು. ಅದು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಕೊಬ್ಬರಿ ಎಣ್ಣೆ ಹಾಗಾಗುವುದಿಲ್ಲ. ಅಗಸೆ ಎಣ್ಣೆಯ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಬಿಸಾಡಬೇಡಿ. ತಾನಾಗಿ ಕಾದು ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ.

ನಮ್ಮ ಮರಗಳಲ್ಲಿ ಒಂದು ತೊಡಕಿದೆ. ಮಾವು, ಹಲಸಿನಲ್ಲಿ ಹಲವು ಸಲ ನಾರು ಪದರ ಪದರವಾಗಿ ದಿಕ್ಕು ಬದಲಿಸಿ ಹೆಣೆದುಕೊಂಡಿರುತ್ತದೆ. ಒಂದು ಪಟ್ಟಿಗೆ ಸರಿಯಾದದ್ದು ಪಕ್ಕದ ಪಟ್ಟಿಗೆ ಎದುರು. ಬರ್ಚ್ ಹಾಗಲ್ಲ, ನೇರ ನಾರು. ನಮ್ಮಲ್ಲಿ ಬೊಂಬೆಗೆ ಬಳಸುವ ಹಾಲೆ ಮರ ಅದಕ್ಕೆ ಹತ್ತಿರ. ಸೀಬೆಯೂ ಒತ್ತು ನಾರಿನ, ನಯವಾದ ಮರ.

ಕತ್ತರಿಸಿ ಎಸೆದ ಒಂದು ಸೀಬೆ ಕೊಂಬೆಯಿಂದ ಕೆತ್ತಿದ ಚಮಚ ಈಗ ಅದರದೇ ಹೆರೆಗಳ ಜೊತೆ ಕಾಗದದ ಚೀಲದಲ್ಲಿ ಒಣಗುತ್ತಿದೆ. ದಿನಾ ಅಡುಗೆ ತಕ್ಕಡಿಯಲ್ಲಿ ತೂಗುತ್ತೇನೆ. ತೂಕ ಇಳಿಯುವುದು ನಿಂತರೆ ಒಣಗಿದೆ ಎಂದರ್ಥ. ಮೊನ್ನೆ 43 ಗ್ರಾಂ, ನಿನ್ನೆ 41. ಇವತ್ತೂ 41. ಸಾಣೆಕಲ್ಲು ನೀರಲ್ಲಿ ನೆನೆಹಾಕಿದ್ದೇನೆ.