ಎಪ್ಪತ್ತಾರನೇ ಒಂದು ಪಾಲಿನ ಎಂಜಿನ್

ನೂರು ಟನ್ ತೂಗುವ ಉಗಿ ಎಂಜಿನ್ನನ್ನು ಉದ್ದ, ಅಗಲ, ಎತ್ತರಗಳಲ್ಲಿ 76ನೇ ಒಂದು ಪಾಲಿಗೆ ಇಳಿಸಿದರೆ, ತೂಕವು 76ರ ಘನದಷ್ಟು, ಅಂದರೆ ಸುಮಾರು 4,39,000 ಪಟ್ಟು ಕುಗ್ಗಿ 228 ಗ್ರಾಂಗೆ ಬಂದು ನಿಲ್ಲುತ್ತದೆ. ಗಾಲಿ ಹಳಿಯನ್ನು ಎಷ್ಟು ಒತ್ತುತ್ತದೆ ಎಂಬುದರ ಮೇಲೆ ಎಳೆಯುವ ಬಲ ನಿಂತಿರುವುದರಿಂದ, ಮಾದರಿಯ ಬಾಯ್ಲರಿನ ಒಳಗೆ ಸೀಸ ತುಂಬುವುದು ಮಾದರಿ ರೈಲು ಕಟ್ಟುವ ನಮ್ಮಲ್ಲಿ ವಾಡಿಕೆ. ಅಂಗಡಿಯಿಂದ ತಂದ ಮಾದರಿಯನ್ನು ತಿದ್ದುವವರೂ ಹೆಚ್ಚಾಗಿ ಇಲ್ಲಿಂದಲೇ ಆರಂಭಿಸುತ್ತಾರೆ. ಆದರೆ ಬರಿಯ ತಗಡಿನಿಂದ ಎಂಜಿನ್ ಕಟ್ಟಲು ಕುಳಿತಾಗ, ಗಾತ್ರದ ಜೊತೆ ಏನು ಕುಗ್ಗುತ್ತದೆ, ಏನು ಕುಗ್ಗುವುದಿಲ್ಲ ಎಂಬ ಪ್ರಶ್ನೆ ಪ್ರತಿ ಹೆಜ್ಜೆಗೂ ಎದುರಾಗುತ್ತದೆ.

ಉದಾಹರಣೆಗೆ ವೇಗವನ್ನು ನೋಡೋಣ. ಗಂಟೆಗೆ 100 ಕಿ.ಮೀ. ಓಡುವ ರೈಲಿನ ಮಾದರಿ ಸೆಕೆಂಡಿಗೆ ಸುಮಾರು 36.5 ಸೆಂ.ಮೀ. ಸಾಗಬೇಕು. ಅದರ ಗಾಲಿಯ ವ್ಯಾಸ 24 ಮಿ.ಮೀ. ಆಗಿದ್ದರೆ ಅದು ನಿಮಿಷಕ್ಕೆ ಸುಮಾರು 290 ಸುತ್ತು ತಿರುಗುತ್ತದೆ. ನಿಜವಾದ ಎಂಜಿನ್ನಿನ ಆಳೆತ್ತರದ ಗಾಲಿ ತಿರುಗುವುದೂ ಅಷ್ಟೇ ಸುತ್ತು. ದೂರವೂ ಗಾಲಿಯೂ ಒಂದೇ ಪ್ರಮಾಣದಲ್ಲಿ ಕುಗ್ಗಿವೆ, ಸುತ್ತುಗಳು ಹಾಗೆಯೇ ಉಳಿದಿವೆ. ಪುಟ್ಟ ವಿದ್ಯುತ್ ಮೋಟಾರು ಸಾವಿರಾರು ಸುತ್ತು ತಿರುಗಿದಾಗಲೇ ಚೆನ್ನಾಗಿ ಕೆಲಸ ಮಾಡುವುದರಿಂದ, ನಡುವೆ ತಿರುಪಿನಂತಹ ವರ್ಮ್ ತಿರುಗಿಸುವ ನಲವತ್ತು ಹಲ್ಲಿನ ಗೇರ್ ಕೂರಿಸಿ, ಮೋಟಾರಿನ ನಲವತ್ತು ಸುತ್ತಿಗೆ ಗಾಲಿ ಒಂದು ಸುತ್ತು ತಿರುಗುವಂತೆ ಮಾಡುತ್ತೇವೆ.

ಇಡೀ ಕೆಲಸದ ಜೀವಾಳವಿರುವುದು ಚಾಸಿಯಲ್ಲಿ, ಅಂದರೆ ಗಾಲಿಗಳನ್ನೂ ಮೋಟಾರನ್ನೂ ಹಿಡಿದಿಡುವ ಚೌಕಟ್ಟಿನಲ್ಲಿ. ಅದರ ಎರಡು ಪಕ್ಕದ ಪಟ್ಟಿಗಳನ್ನು ಸಾಮಾನ್ಯವಾಗಿ ಹಿತ್ತಾಳೆ ಅಥವಾ ಜರ್ಮನ್ ಸಿಲ್ವರ್ ತಗಡಿನಲ್ಲಿ ಕತ್ತರಿಸುತ್ತಾರೆ. ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿಯ ಅಂಶವಿಲ್ಲ. ಅದು ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಲೋಹ, ಬೆಸುಗೆಯನ್ನು ಚೆನ್ನಾಗಿ ಹಿಡಿಯುತ್ತದೆ. ನನ್ನ ಮೊದಲ ಚಾಸಿಯಲ್ಲಿ ಎರಡು ಪಟ್ಟಿಗಳಿಗೂ ಬೇರೆಬೇರೆಯಾಗಿ ಅಳತೆ ಹಾಕಿ, ಗಾಲಿಗಳ ಅಚ್ಚು (ಆಕ್ಸಲ್) ಕೂರುವ ತೂತು ಕೊರೆದಿದ್ದೆ. ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಆದರೆ ಎಂಜಿನ್ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ತಡೆದು ತಡೆದು ಓಡಿತು. ನಡುವಿನ ತೂತು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸರಿದಿತ್ತು. ಈಗ ಎರಡು ಪಟ್ಟಿಗಳನ್ನೂ ಒಂದರ ಮೇಲೊಂದಿಟ್ಟು, ಅಂಚಿನಲ್ಲಿ ಹನಿ ಬೆಸುಗೆಯಿಂದ ಹಿಡಿಸಿ, ಗಾಲಿಗಳನ್ನು ಜೋಡಿಸುವ ಕಪ್ಲಿಂಗ್ ರಾಡನ್ನೇ ಅಳತೆಯಾಗಿ ಬಳಸಿ ಒಟ್ಟಿಗೆ ಕೊರೆಯುತ್ತೇನೆ. ಅಳತೆಯಲ್ಲಿ ತಪ್ಪಿದ್ದರೂ ರಾಡಿನಲ್ಲೂ ಎರಡೂ ಪಟ್ಟಿಗಳಲ್ಲೂ ಅದೇ ತಪ್ಪು ಇರುತ್ತದೆ. ಆಗ ಅದು ಓಟವನ್ನು ತಡೆಯುವುದಿಲ್ಲ.

ಗಾಲಿಗಳ ಕೋನದಲ್ಲೂ ಇದೇ ನ್ಯಾಯ. ಗಾಲಿಗೆ ರಾಡನ್ನು ಸಿಕ್ಕಿಸುವ ಕ್ರ್ಯಾಂಕ್ ಪಿನ್ನುಗಳಲ್ಲಿ ಒಂದು ಬದಿಯವು ಇನ್ನೊಂದು ಬದಿಯವುಗಳಿಗಿಂತ ಕಾಲು ಸುತ್ತು, ಅಂದರೆ 90 ಡಿಗ್ರಿ ಮುಂದಿರಬೇಕು. ಪಿನ್ನುಗಳೂ ಅಚ್ಚುಗಳೂ ಒಂದೇ ಗೆರೆಗೆ ಬಂದ ಕ್ಷಣದಲ್ಲಿ ಆ ಬದಿಯ ರಾಡು ಪಕ್ಕದ ಗಾಲಿಯನ್ನು ಯಾವ ಕಡೆಗೂ ತಿರುಗಿಸಲಾರದು. ಆಗ ಇನ್ನೊಂದು ಬದಿಯ ರಾಡು ಪೂರ್ಣ ಬಲದಲ್ಲಿರುತ್ತದೆ. ಕರಾರುವಾಕ್ಕಾಗಿ 90 ಇರಲೇಬೇಕೆಂದಿಲ್ಲ, 88 ಇದ್ದರೂ ಸಾಕು. ಆದರೆ ಎಲ್ಲ ಅಚ್ಚುಗಳಲ್ಲೂ ಅದೇ 88 ಇರಬೇಕು.

ಬೆಸುಗೆಯಲ್ಲಿ ಶಾಖದ ಕ್ರಮವೇ ಮುಖ್ಯ. ತವರ ಮತ್ತು ಸೀಸ 60:40ರಲ್ಲಿ ಬೆರೆತ ಬೆಸುಗೆ ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ಕರಗುತ್ತದೆ. ದೊಡ್ಡ ಜೋಡಣೆಗಳನ್ನು ಅದರಿಂದ ಮುಗಿಸಿ, ಹೊಗೆಕೊಳವೆಯಂತಹ ಬೇಗ ಕರಗುವ ಎರಕದ ಬಿಡಿಭಾಗಗಳನ್ನು ಕೊನೆಗೆ 70 ಡಿಗ್ರಿಯ ಬೆಸುಗೆಯಿಂದ ಕೂರಿಸಿದರೆ ಮೊದಲಿನ ಜೋಡಣೆಗಳು ಕದಲುವುದಿಲ್ಲ.

ಇಷ್ಟಾದರೂ ಧೂಳಿನ ಕಣ ಮಾತ್ರ ಕುಗ್ಗುವುದಿಲ್ಲ. ಮೋಟಾರಿಗೆ ವಿದ್ಯುತ್ ಬರುವುದು ಹಳಿಯಿಂದ ಗಾಲಿಗಳ ಮೂಲಕ; ಹಳಿಯ ಮೇಲೆ ಒಂದು ಕಣವಿದ್ದರೂ ಅದರ ಮೇಲೆ ಹತ್ತಿದ ಗಾಲಿಗೆ ವಿದ್ಯುತ್ ತಪ್ಪುತ್ತದೆ. ಆದ್ದರಿಂದ ಸಾಧ್ಯವಾದಷ್ಟು ಗಾಲಿಗಳಿಂದ ತೆಳು ಫಾಸ್ಫರ್ ಬ್ರಾಂಜ್ ತಂತಿಗಳ ಮೂಲಕ ವಿದ್ಯುತ್ ಪಡೆಯುತ್ತೇವೆ. ವಿದ್ಯುತ್ ಒಂದು ಕ್ಷಣ ತಪ್ಪಿದರೂ ಎಂಜಿನ್ ಓಡುತ್ತಿರಲೆಂದು, ಜಾಗವಿದ್ದರೆ ಮೋಟಾರಿನ ದಂಡಕ್ಕೆ ಭಾರದ ಹಿತ್ತಾಳೆ ಚಕ್ರವನ್ನೂ ಸೇರಿಸುತ್ತೇವೆ.

ಮೋಟಾರು ಕೂರಿಸುವ ಮೊದಲು ನಾನು ರಾಡು ಹಾಕಿದ ಚಾಸಿಯನ್ನು ತುಸು ಇಳಿಜಾರಾದ ಗಾಜಿನ ಮೇಲೆ ಬಿಡುತ್ತೇನೆ. ಅದು ತನ್ನಷ್ಟಕ್ಕೆ ಉರುಳಿ ಕೆಳಗೆ ಬರಬೇಕು. ನಡುವೆ ನಿಂತರೆ, ನಿಂತ ಗಾಲಿಯ ಮೇಲೆ ಗುರುತು ಹಾಕಿ, ಆ ಬದಿಯ ರಾಡಿನ ತೂತನ್ನು ತೆಳುವಾದ ಉರುಟು ಅರದಿಂದ ಒಂದೆರಡು ಬಾರಿ ಮಾತ್ರ ಉಜ್ಜಿ, ಮತ್ತೆ ಗಾಜಿನ ಮೇಲಿಡುತ್ತೇನೆ.