ಆಡದ ಹುಡುಗನಿಗೆ ತಂಡದ ಆಫೀಸಿನಲ್ಲಿ ಕೆಲಸ ಸಿಗುತ್ತದೆಯೇ?

ಪ್ರಶ್ನೆ: ‘ಸರ, ಮಗ ಬಿಕಾಂ ಮುಗಿಸ್ಯಾನ. ಕ್ರಿಕೆಟ್ ಹುಚ್ಚು ಭಾಳ, ಆದ್ರ ಕಾಲೇಜ್ ಟೀಮಿನ್ಯಾಗ ಸುದ್ದಾ ಆಡಿಲ್ಲ. ಐಪಿಎಲ್, ಕಬಡ್ಡಿ ತಂಡದ ಆಫೀಸಿನ್ಯಾಗ ಕೆಲಸ ಸಿಗತೈತೇನ್ರಿ? ಬಿಪಿಎಡ್ ಮಾಡಸ್ಲೇನು?’

ಸಿಗುತ್ತದೆ. ಬಿಪಿಎಡ್ ಬೇಡ. ಈ ಪ್ರಶ್ನೆ ಒಮ್ಮೆ ಜಮಖಂಡಿಯಿಂದ, ಒಮ್ಮೆ ಗೋಕಾಕದಿಂದ, ಒಮ್ಮೆ ಇಂಡಿಯಿಂದ ಬರುತ್ತಲೇ ಇರುತ್ತದೆ. ಊರು ಬದಲಾಗುತ್ತದೆ, ಉತ್ತರ ಬದಲಾಗುವುದಿಲ್ಲ. ಬಿಪಿಎಡ್ ದೈಹಿಕ ಶಿಕ್ಷಕರಾಗುವವರಿಗೆ, ಪಟಿಯಾಲದ ಎನ್‌ಐಎಸ್ ಡಿಪ್ಲೊಮಾ ಕೋಚ್ ಆಗುವವರಿಗೆ. ತಂಡದ ಆಫೀಸಿನಲ್ಲಿ ಕೇಳುವುದು ಬೇರೆ ವಿದ್ಯೆ.

‘ಆಡಿದವರಿಗಷ್ಟೇ ಅಲ್ಲಿ ಜಾಗ’ ಎಂಬ ಮಾತು ಮಾತ್ರ ಸಾಯುತ್ತಲೇ ಇಲ್ಲ. ಅದು ಎಲ್ಲಿಂದ ಹುಟ್ಟಿತು ಎಂಬುದು ಗೊತ್ತು. 2010ರಲ್ಲಿ ಅನಿಲ್ ಕುಂಬ್ಳೆ ರಾಜ್ಯ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎ ಅಧ್ಯಕ್ಷರಾದರು, ಜಾವಗಲ್ ಶ್ರೀನಾಥ್ ಕಾರ್ಯದರ್ಶಿಯಾದರು. ಮುಂದೆ ಸೌರವ್ ಗಂಗೂಲಿ, ರೋಜರ್ ಬಿನ್ನಿ ಬಿಸಿಸಿಐ ಅಧ್ಯಕ್ಷರಾದರು. ಅದನ್ನು ನೋಡಿ ಜನ ಲೆಕ್ಕ ಹಾಕಿಬಿಟ್ಟರು. ಆದರೆ ಅವು ಸಂಸ್ಥೆಯ ಸದಸ್ಯರು ಆರಿಸುವ ಹುದ್ದೆಗಳು, ಅರ್ಜಿ ಹಾಕಿ ಸಂಬಳಕ್ಕೆ ಸೇರುವಂಥವಲ್ಲ. ಇನ್ನೊಂದು ಗೊಂದಲ ರೈಲ್ವೆ, ಪೊಲೀಸ್ ಇಲಾಖೆಯ ಕ್ರೀಡಾ ಕೋಟಾದ್ದು. ಅಲ್ಲಿ ಸರ್ಟಿಫಿಕೇಟೇ ಜೀವಾಳ. ಫ್ರಾಂಚೈಸಿ, ಅಂದರೆ ತಂಡ ನಡೆಸುವ ಕಂಪನಿಯ ಆಫೀಸಿನಲ್ಲಿ ಅದೇ ಸರ್ಟಿಫಿಕೇಟು ಬಯೋಡೇಟಾದ ಕೊನೆಯ ಸಾಲು.

ಸಂಬಳದ ಕುರ್ಚಿಯಲ್ಲಿ ಕೂತವರನ್ನು ನೋಡಿ. ಐಪಿಎಲ್‌ನ ದಿನನಿತ್ಯದ ಆಡಳಿತ ನೋಡುವ ಮೊದಲ ಸಿಒಒ ಸುಂದರ್ ರಾಮನ್ ಬಂದದ್ದು ಜಾಹೀರಾತಿಗೆ ಟಿವಿ ಸಮಯ ಕೊಳ್ಳುವ ಮೈಂಡ್‌ಶೇರ್ ಕಂಪನಿಯಿಂದ. 2010ರಲ್ಲಿ ಕೋಲ್ಕತ್ತ ನೈಟ್ ರೈಡರ್ಸ್ ಸಿಇಒ ಆದ ವೆಂಕಿ ಮೈಸೂರು ಅದಕ್ಕೆ ಮೊದಲು ವಿಮಾ ಕಂಪನಿ ನಡೆಸುತ್ತಿದ್ದವರು. ಅವರ ಕಾಲದಲ್ಲಿ ತಂಡ ಮೂರು ಸಲ ಕಪ್ ಗೆದ್ದಿತು. 2014ರಲ್ಲಿ ಪ್ರೊ ಕಬಡ್ಡಿ ಶುರು ಮಾಡಿದ ಮಶಾಲ್ ಸ್ಪೋರ್ಟ್ಸ್ ಹಿಂದಿದ್ದವರು ಉದ್ಯಮಿ ಆನಂದ್ ಮಹೀಂದ್ರಾ ಮತ್ತು ಕಾಮೆಂಟರಿ ಹೇಳುತ್ತಿದ್ದ ಚಾರು ಶರ್ಮಾ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯನ್ನು 1984ರಿಂದ 2014ರವರೆಗೆ ನಡೆಸಿದ ಡೇವಿಡ್ ಸ್ಟರ್ನ್ ವಕೀಲರು, ಅವರ ನಂತರ ಬಂದ ಆ್ಯಡಮ್ ಸಿಲ್ವರ್ ಕೂಡ ವಕೀಲರೇ. ಇಷ್ಟಾದ ಮೇಲೂ ‘ಆದ್ರೂ ಸರ, ಆಡಿದ್ರ ಛಲೋ ಅಲ್ರಿ?’ ಅನ್ನುತ್ತೀರಿ. ಛಲೋನೇ, ಮೈಗೆ.

ಕಾರಣ ದುಡ್ಡಿನ ದಾರಿಯಲ್ಲಿದೆ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಅದರ ಸುಮಾರು ಅರ್ಧ ಫ್ರಾಂಚೈಸಿಗಳಿಗೆ ಹಂಚಿಕೆಯಾಗುತ್ತದೆ. ಆಮೇಲೆ ಪ್ರಾಯೋಜಕರು, ಆಮೇಲೆ ಗೇಟ್, ಅಂದರೆ ಟಿಕೆಟ್ ದುಡ್ಡು. ಹೀಗಿರುವಾಗ ಆಫೀಸಿಗೆ ಬೇಕಾದವರು ಮಾರುವವರು, ಕರಾರು ಓದುವವರು, ಲೆಕ್ಕ ಇಡುವವರು. ಬಿಕಾಂ ಹುಡುಗ ಇಲ್ಲಿ ಹೊರಗಿನವನೇನಲ್ಲ.

ಕೆಲಸ ಹೇಗಿರುತ್ತದೆ? ಪ್ರಾಯೋಜಕತ್ವದ ವಿಭಾಗವನ್ನೇ ತೆಗೆದುಕೊಳ್ಳಿ. ಒಂದು ಸಿಮೆಂಟ್ ಕಂಪನಿಗೆ ಜಾಗ ಮಾರಿದರೆ ಬೇರೆ ಸಿಮೆಂಟಿನ ಹೆಸರು ಮೈದಾನದೊಳಗೆ ಎಲ್ಲೂ ಕಾಣಬಾರದು. ಸಾಮಾನ್ಯವಾಗಿ ಕರಾರೇ ಹಾಗಿರುತ್ತದೆ. ಎಡವುವುದು ಇಲ್ಲೇ. ಗೇಟಿನ ಬಳಿ ಯಾರೋ ಹಿತೈಷಿ ಕಟ್ಟಿದ ಫ್ಲೆಕ್ಸ್‌ನಲ್ಲಿ ಎದುರಾಳಿ ಕಂಪನಿಯ ಹೆಸರಿದ್ದರೆ ಕಡೆಯ ಕಂತು ನಿಲ್ಲುತ್ತದೆ. ಪ್ರತಿ ಫಲಕದ ಫೋಟೊ, ಸಮಯ ಸಮೇತ, ತೆಗೆದಿಡದಿದ್ದರೂ ನಿಲ್ಲುತ್ತದೆ. ಹೊಸಬನಿಗೆ ಮೊದಲ ವರ್ಷ ಸಿಗುವುದು ಈ ಫೋಟೊ ಜೋಡಿಸುವ ಕೆಲಸವೇ. ಗ್ಲಾಮರ್ ಕೇಳಬೇಡಿ.

ಓದಬೇಕೆಂದರೆ ಬೆಳಗಾವಿಗೆ ಹತ್ತಿರವಾಗಿ ಪುಣೆಯ ಸಿಂಬಯಾಸಿಸ್‌ನಲ್ಲಿ ಕ್ರೀಡಾ ನಿರ್ವಹಣೆಯ ಎಂಬಿಎ ಇದೆ, ರೋಹ್ಟಕ್‌ನ ಐಐಎಂನಲ್ಲೂ ಕೋರ್ಸ್ ಇದೆ. ಫೀಸು ಕಟ್ಟುವ ಮೊದಲು ಹುಡುಗ ಒಂದು ಸೀಸನ್ ಸ್ವಯಂಸೇವಕನಾಗಿ ದುಡಿಯಲಿ. ವಿಜಯಪುರದ ವೃಕ್ಷೊಥಾನ್‌ನಂಥ ಓಟದಲ್ಲಿ ನೀರಿನ ಟೇಬಲ್ ವಹಿಸಿಕೊಂಡರೂ ಸಾಕು. 21 ಕಿ.ಮೀ. ದಾರಿ, ಎಂಟು ನೀರಿನ ತಾಣ, ಸಾವಿರ ಓಟಗಾರರು, ತಲೆಗೆ ಪ್ರತಿ ತಾಣದಲ್ಲಿ 150 ಮಿ.ಲೀ. ಎಂದು ಹಿಡಿದರೆ 1,200 ಲೀಟರ್, ಅಂದರೆ 20 ಲೀಟರಿನ 60 ಕ್ಯಾನ್. ಇದನ್ನು ಎಂಟಕ್ಕೂ ಸಮ ಹಂಚಿದರೆ ಕೆಟ್ಟಿತು: 5 ಮತ್ತು 10 ಕಿ.ಮೀ. ಓಟದವರೂ ಅದೇ ದಾರಿ ಹಿಡಿದರೆ ಮೊದಲ ತಾಣಗಳು ಬೇಗ ಒಣಗುತ್ತವೆ, ಕೊನೆಯವುಗಳಲ್ಲಿ ಕ್ಯಾನ್ ಬಿಚ್ಚದೆ ಉಳಿಯುತ್ತವೆ. ಇಂಥದ್ದನ್ನು ಅಂಕಿ ಸಮೇತ ಬಯೋಡೇಟಾದಲ್ಲಿ ಬರೆಯಲಿ. ಕನ್ನಡ, ಮರಾಠಿ, ಹಿಂದಿ ಮೂರೂ ಬರುತ್ತವೆ ಎಂಬುದನ್ನೂ ಮೇಲೆಯೇ ಬರೆಯಲಿ. ಕೊಲ್ಹಾಪುರ, ಪುಣೆಯ ವ್ಯಾಪಾರಿಗಳ ಜೊತೆ ಮಾತಾಡಲು ಇದು ಬೆಂಗಳೂರಿನ ಹುಡುಗರಿಗಿಲ್ಲದ ಬಂಡವಾಳ.

ಇನ್ನು ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಮಾತು: ಇಂಥ ಕಚೇರಿ ನಮ್ಮ ಊರಲ್ಲೇ ಏಕಿಲ್ಲ? ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್, ಅಂದರೆ ಕೆಪಿಎಲ್‌ನಲ್ಲಿ ಬಿಜಾಪುರ ಬುಲ್ಸ್ ಇತ್ತು, ಬೆಳಗಾವಿ ಪ್ಯಾಂಥರ್ಸ್ ಇತ್ತು. ಹೆಸರು ನಮ್ಮದು, ಬಿಜಾಪುರ ತಂಡದ ಆಟ ನೋಡಲು ವಿಜಯಪುರದವರು ಹುಬ್ಬಳ್ಳಿಗೋ ಮೈಸೂರಿಗೋ ಹೋಗಬೇಕಿತ್ತು. ಗೇಟ್ ಇಲ್ಲದ ಊರಲ್ಲಿ ಆಫೀಸಿಗೇನು ಕೆಲಸ? ಮೈದಾನವಿದ್ದರೂ ಸಾಲದು, ಖಾಲಿ ದಿನಗಳೇ ನುಂಗಿಹಾಕುತ್ತವೆ. ಐಪಿಎಲ್ ತಂಡಕ್ಕೆ ತವರಿನಲ್ಲಿ ಸಿಗುವುದು ಏಳು ಲೀಗ್ ಪಂದ್ಯ. ಲಾಸ್ ಏಂಜಲಿಸ್‌ನಲ್ಲಿ 1999ರಲ್ಲಿ ಸ್ಟೇಪಲ್ಸ್ ಸೆಂಟರ್ ಎಂಬ ಹೆಸರಿನಿಂದ ತೆರೆದ ಒಳಾಂಗಣ ಕ್ರೀಡಾಂಗಣದಲ್ಲಿ 2024ರವರೆಗೆ ಎನ್‌ಬಿಎಯ ಎರಡು ತಂಡ, ಒಂದು ಐಸ್ ಹಾಕಿ ತಂಡ ಆಡುತ್ತಿದ್ದವು. ತಲಾ 41ರಂತೆ ವರ್ಷಕ್ಕೆ 123 ಲೀಗ್ ಪಂದ್ಯ. ಮಂಜಿನ ನೆಲದ ಮೇಲೆ ಮರದ ಹಲಗೆ ಹಾಸಿ ಆಟ ಬದಲಿಸುತ್ತಿದ್ದರು, ಉಳಿದ ದಿನ ಸಂಗೀತ. ಆ ಕಟ್ಟಡದ ಕಂಪನಿ ಎಇಜಿಯನ್ನು 2013ರವರೆಗೆ ನಡೆಸಿದ ಟಿಮ್ ಲೈವೆಕಿಯ ದೊಡ್ಡ ಕೆಲಸವೇ ಖಾಲಿ ರಾತ್ರಿಗಳನ್ನು ತುಂಬಿಸುವುದಾಗಿತ್ತು.

ಬಾದಾಮಿಯ ಬನಶಂಕರಿ ಜಾತ್ರೆಗೆ ಟೆಂಟ್ ಹಾಕುವ ನಾಟಕ ಕಂಪನಿಯ ಮ್ಯಾನೇಜರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅದೇ ಟೆಂಟಿನಲ್ಲಿ ಒಂದೇ ರಾತ್ರಿ ಎರಡು, ಮೂರು ಆಟ ಏಕೆ ಇಡುತ್ತಾರೆಂದು ಹುಡುಗ ಈ ಬಾರಿ ಬುಕಿಂಗ್ ಕಿಟಕಿಯ ಹತ್ತಿರ ನಿಂತು ಕೇಳಿ ಬರಲಿ. ಜಾಗದ ಬಾಡಿಗೆ, ಕರೆಂಟು, ಕಲಾವಿದರ ಊಟ, ಎಲ್ಲದರ ಲೆಕ್ಕ ಅವರ ಬಾಯಲ್ಲೇ ಇರುತ್ತದೆ.